ಬ್ರೇಕ್ ಆಯಿಲ್ ತುಂಬಿಸಿದ ಮಾತ್ರಕ್ಕೆ ಪೆಡಲ್ ಸರಿಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ಘಟ್ಟದ ರಸ್ತೆಯಲ್ಲಿ ಕಾರು ಉರುಳಿದರೆ ‘ಬ್ರೇಕ್ ವೈಫಲ್ಯವೇ ಕಾರಣ’ ಎಂಬ ಒಂದು ಸಾಲಿನಲ್ಲಿ ಸುದ್ದಿ ಮುಗಿದುಹೋಗುತ್ತದೆ. ಆದರೆ ಸರಿಯಾಗಿದ್ದ ಬ್ರೇಕ್ ಏಕಾಏಕಿ ಕೈಕೊಡುವುದು ಅಪರೂಪ. ಬಹುತೇಕ ಸಂದರ್ಭಗಳಲ್ಲಿ ಪೆಡಲ್ ಮೆತ್ತಗಾಗಿಯೋ, ಮೊದಲಿಗಿಂತ ಆಳಕ್ಕಿಳಿದೋ ಮುಂಚಿತವಾಗಿಯೇ ಸೂಚನೆ ಕೊಟ್ಟಿರುತ್ತದೆ. ನಾವು ಬ್ರೇಕ್ ದ್ರವದ (ಅಂದರೆ ಬ್ರೇಕ್ ಆಯಿಲಿನ) ಡಬ್ಬಿಯ ಮುಚ್ಚಳ ತೆಗೆದು ಒಂದಿಷ್ಟು ಆಯಿಲ್ ಸುರಿದು ಮುಂದೆ ಹೋಗಿರುತ್ತೇವೆ. ದೋಷ ಯಾವುದೆಂದು ಗುರುತಿಸಲು ದುಬಾರಿ ಉಪಕರಣಗಳೇನೂ ಬೇಕಿಲ್ಲ. ಮನೆಯ ಅಂಗಳದಲ್ಲಿ ಕಾರಿನ ಮಾಲೀಕರೇ ಅದನ್ನು ಮಾಡಬಹುದು ಎಂಬುದನ್ನು ತಿಳಿಸಲು ಈ ಪತ್ರ.

ಮೊದಲು ಪೆಡಲಿನ ಕೆಳಗೆ ಕಾಲೊರಸು ಮಡಚಿಕೊಂಡಿಲ್ಲ, ನೀರಿನ ಬಾಟಲಿ ಉರುಳಿ ಬಂದಿಲ್ಲ ಎಂದು ನೋಡಿಕೊಳ್ಳಬೇಕು. ಅನಂತರ ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ, ಪೆಡಲನ್ನು ಐದಾರು ಬಾರಿ ಒತ್ತಿದರೆ ಪೆಡಲ್ ಒತ್ತುವುದನ್ನು ನಿರ್ವಾತದ ಬಲದಿಂದ ಹಗುರಗೊಳಿಸುವ ಬೂಸ್ಟರಿನಲ್ಲಿ ಉಳಿದಿದ್ದ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಹಾಗೆಯೇ ಒಂದು ನಿಮಿಷ ಒತ್ತಿ ಹಿಡಿದಾಗ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಲೇ ಹೋದರೆ, ಎಲ್ಲೋ ಸೋರಿಕೆ ಇದೆ ಅಥವಾ ದ್ರವವನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಸವೆದು ದ್ರವ ಒಳಗೊಳಗೇ ಹಿಂದಕ್ಕೆ ಜಾರುತ್ತಿದೆ ಎಂದರ್ಥ. ಪೆಡಲ್ ಕದಲದೆ ನಿಂತರೆ, ಕಾಲು ತೆಗೆಯದೆ ಎಂಜಿನ್ ಚಾಲೂ ಮಾಡಬೇಕು. ಆಗ ಅದು ತುಸು ತಗ್ಗಬೇಕು. ತಗ್ಗದಿದ್ದರೆ ಬೂಸ್ಟರನ್ನೋ ಅದಕ್ಕೆ ಹೋಗುವ ವ್ಯಾಕ್ಯೂಮ್ ಪೈಪನ್ನೋ ಸಂಶಯಿಸಬೇಕು. ಪೆಡಲ್ ಸ್ಪಂಜಿನಂತೆ ಪುಟಿಯುತ್ತಿದ್ದರೆ ಬ್ರೇಕ್ ದ್ರವದ ಕೊಳವೆಯಲ್ಲಿ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು. ಮೊದಲ ಒತ್ತಿಗೆ ಆಳಕ್ಕೆ ಹೋಗಿ, ಎರಡನೆಯ ಒತ್ತಿಗೆ ಮೇಲೆಯೇ ಗಟ್ಟಿಯಾಗಿ ನಿಂತರೆ ಹಿಂಚಕ್ರದ ಡ್ರಮ್ಮಿಗೂ ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಶೂಗಳಿಗೂ ನಡುವಿನ ಅಂತರ ಹೆಚ್ಚಾಗಿರಬಹುದು.

ಡಬ್ಬಿಯಲ್ಲಿ ದ್ರವದ ಮಟ್ಟ ಇಳಿದರೆ ಗಾಬರಿಯಾಗಬೇಕಾಗಿಲ್ಲ, ಹಾಗೆಂದು ಉಪೇಕ್ಷಿಸುವಂತೆಯೂ ಇಲ್ಲ. ಬ್ರೇಕ್ ಪ್ಯಾಡುಗಳು ಸವೆದಂತೆ ಮಟ್ಟ ನಿಧಾನವಾಗಿ ಕಡಿಮೆಯಾಗುವುದು ಸಹಜ. ಕೆಲವೇ ದಿನಗಳಲ್ಲಿ ಇಳಿದರೆ ಅದು ಸೋರಿಕೆಯೇ. ನಾಲ್ಕೂ ಚಕ್ರಗಳ ಒಳಬದಿಯನ್ನು ಟಾರ್ಚ್ ಹಾಕಿ ನೋಡಬೇಕು. ಹಿಂಚಕ್ರದ ಡ್ರಮ್ಮಿನ ಅಂಚಿನಲ್ಲಿ ಧೂಳು ಒದ್ದೆಯಾಗಿ ಕಪ್ಪಗೆ ಅಂಟಿಕೊಂಡಿದ್ದರೆ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿರುವ ಸಂಭವವಿದೆ. ಎಲ್ಲಿಯೂ ಒದ್ದೆಯೇ ಕಾಣದೆ ದ್ರವ ಮಾತ್ರ ಮಾಯವಾಗುತ್ತಿದ್ದರೆ, ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ ಕೂಡುವ ಜಾಗದ ಕೆಳಭಾಗವನ್ನು ಬೆರಳಿನಿಂದ ಸವರಿ ನೋಡಬೇಕು. ಹಿಂಬದಿಯ ಸೀಲ್ ಹೋದಾಗ ದ್ರವವು ಬೂಸ್ಟರಿನೊಳಗೇ ಸೇರಿ ಹೊರಗಿನವರಿಗೆ ಸುಳಿವೇ ಸಿಗದಂತೆ ಮಾಡುತ್ತದೆ. ಅನುಭವಿ ಮೆಕ್ಯಾನಿಕ್‌ಗಳೂ ಕೆಲವೊಮ್ಮೆ ಈ ಜಾಗವನ್ನು ನೋಡದೆ ಬಿಡುತ್ತಾರೆ.

ಮಲೆನಾಡಿನವರಿಗೆ ಇನ್ನೊಂದು ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಗ್ಲೈಕಾಲ್ ಆಧಾರಿತ ಬ್ರೇಕ್ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೊಸದಾಗಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದ ಡಾಟ್ 3 ದರ್ಜೆಯ ದ್ರವಕ್ಕೆ, ನೀರಿನಂಶ ಸೇರಿದ ಸ್ಥಿತಿಯಲ್ಲಿ ನಿಗದಿಯಾಗಿರುವ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಗೇರ್ ತಗ್ಗಿಸದೆ ಬ್ರೇಕನ್ನೇ ಒತ್ತಿಕೊಂಡು ಬಂದರೆ ಹಳೆಯ ದ್ರವ ಕುದಿದು ಆವಿಯಾಗುತ್ತದೆ. ಆವಿ ಒತ್ತಡಕ್ಕೆ ಕುಗ್ಗುವುದರಿಂದ ಪೆಡಲ್ ನೆಲಕ್ಕೆ ತಾಗುತ್ತದೆ. ವಾಹನವನ್ನು ಗ್ಯಾರೇಜಿಗೆ ತರುವಷ್ಟರಲ್ಲಿ ಎಲ್ಲವೂ ತಣಿದು ಪೆಡಲ್ ಮತ್ತೆ ಗಟ್ಟಿಯಾಗಿರುತ್ತದೆ, ‘ಏನೂ ತೊಂದರೆ ಇಲ್ಲ ಸಾರ್’ ಎಂಬ ಉತ್ತರ ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸಬೇಕೆಂದು ಅನೇಕ ತಯಾರಕರು ಕೈಪಿಡಿಯಲ್ಲೇ ಬರೆದಿರುತ್ತಾರೆ. ಕೈಪಿಡಿಯಾದರೋ ಗ್ಲೋವ್ ಬಾಕ್ಸಿನಲ್ಲಿ ವಿಮೆಯ ಪತ್ರದಡಿ ಸುಖವಾಗಿ ಮಲಗಿರುತ್ತದೆ.

ಕೊಳವೆಯಲ್ಲಿ ಸೇರಿದ ಗಾಳಿ ತೆಗೆಯುವ ಕೆಲಸವನ್ನು ಇಬ್ಬರು ಸೇರಿ ಮನೆಯಲ್ಲಿಯೇ ಮಾಡಬಹುದು. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಬೇಕೇ ಹೊರತು ಬರೀ ಜಾಕನ್ನು ನಂಬಬಾರದು. ಚಕ್ರದ ಬ್ರೇಕಿನಲ್ಲಿ ಗಾಳಿ ಹೊರಬಿಡಲೆಂದೇ ಇರುವ ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಿ, ಒಬ್ಬರು ಪೆಡಲ್ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಪೆಡಲ್ ಮೇಲೇಳುವ ಮೊದಲೇ ಬಿಗಿಗೊಳಿಸಬೇಕು. ಗುಳ್ಳೆಗಳು ನಿಂತು, ಚಹಾದ ಬಣ್ಣ ಹೋಗಿ ತಿಳಿಯಾದ ದ್ರವ ಬರುವವರೆಗೂ ಇದನ್ನು ಮುಂದುವರಿಸಬೇಕು. ನಡುವೆ ಡಬ್ಬಿ ಬರಿದಾದರೆ ಮತ್ತೆ ಗಾಳಿ ನುಗ್ಗುತ್ತದೆ. ಯಾವ ಚಕ್ರದಿಂದ ಆರಂಭಿಸಬೇಕೆಂಬುದು ಕಾರಿನಿಂದ ಕಾರಿಗೆ ಬೇರೆ, ಕೈಪಿಡಿ ನೋಡುವುದೇ ಸರಿ. ಹಳೆಯ ಕಾರುಗಳಲ್ಲಿ ಪೆಡಲ್ ನೆಲಮುಟ್ಟದಂತೆ ಕೆಳಗೊಂದು ಮರದ ತುಂಡು ಇಡುವುದು ಒಳ್ಳೆಯದು. ಇಲ್ಲವಾದರೆ ಮಾಸ್ಟರ್ ಸಿಲಿಂಡರಿನ ಸೀಲ್ ತಾನು ಎಂದೂ ತಲುಪದ ಒರಟು ಭಾಗಕ್ಕೆ ಉಜ್ಜಿ ಹರಿದುಹೋಗಬಹುದು. ಎಂಜಿನ್ ಆಯಿಲನ್ನಂತೂ ಹನಿಯೂ ಬೆರೆಸಕೂಡದು, ರಬ್ಬರೆಲ್ಲ ಊದಿಕೊಂಡು ಇಡೀ ವ್ಯವಸ್ಥೆ ಹಾಳಾಗುತ್ತದೆ.

ಮಾಸ್ಟರ್ ಸಿಲಿಂಡರ್ ಬದಲಿಸುವುದು, ತುಕ್ಕು ಹಿಡಿದ ಲೋಹದ ಕೊಳವೆ ತೆಗೆದು ಹೊಸದು ಹಾಕುವುದು, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದೊಳಗಿನ ಗಾಳಿ ತೆಗೆಯುವುದು ಇವನ್ನೆಲ್ಲ ತಿಳಿದವರಿಗೇ ಬಿಡಬೇಕು. ಪೆಡಲ್ ಕುಸಿಯುವ ಕಾರನ್ನು ಗ್ಯಾರೇಜಿಗೆ ‘ನಿಧಾನವಾಗಿ’ ಓಡಿಸಿಕೊಂಡು ಹೋಗುವ ಸಾಹಸವೂ ಬೇಡ, ಟೋಯಿಂಗ್ ವಾಹನ ಕರೆಸುವುದೇ ಲೇಸು.

ಖಾಸಗಿ ಕಾರಿನ ನೋಂದಣಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ಅಷ್ಟೂ ಕಾಲ ಅದರ ಬ್ರೇಕನ್ನು ಕಡ್ಡಾಯವಾಗಿ ಪರೀಕ್ಷಿಸುವವರು ಯಾರೂ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಲನಾ ಶಾಲೆಗಳಿಗೆ ನಿಗದಿಪಡಿಸಿರುವ ಪಠ್ಯಕ್ರಮದಲ್ಲಿ ವಾಹನದ ಯಂತ್ರಭಾಗ ಮತ್ತು ದುರಸ್ತಿಯ ಪಾಠವೂ ಸೇರಿದೆ, ಆದರೆ ನಾನು ಕಂಡ ಶಾಲೆಗಳಲ್ಲಿ ಅದಕ್ಕಾಗಿ ಬಾನೆಟ್ ತೆರೆದದ್ದನ್ನು ನೋಡಿಲ್ಲ. ಸಾರಿಗೆ ಇಲಾಖೆಯವರು ಈ ಪಾಠ ನಿಜಕ್ಕೂ ನಡೆಯುವಂತೆ ನೋಡಿಕೊಳ್ಳಲಿ, ಚಾಲನಾ ಪರವಾನಗಿ ಕೇಳಿ ಬಂದವರಿಂದ ಬ್ರೇಕ್ ದ್ರವದ ಡಬ್ಬಿ ಎಲ್ಲಿದೆ, ಅದರ ಮಟ್ಟ ಎಷ್ಟಿರಬೇಕು ಎಂಬುದನ್ನು ಪರೀಕ್ಷೆಯ ದಿನವೇ ತೋರಿಸಿಕೊಳ್ಳಲಿ ಎಂದು ವಿನಂತಿಸುತ್ತೇನೆ.

— ಓರ್ವ ಓದುಗ, ಮೂಡಿಗೆರೆ