ಹದಿಮೂರು ವರ್ಷ ಅವನ ಮನೆ ಯಾರು ನಡೆಸಿದರು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಕ್ರೀಡಾ ಪುಟದಲ್ಲಿ ಡ್ರೂ ಮ್ಯಾಗಿ ಎಂಬ ಅಮೆರಿಕದ ಬೇಸ್‌ಬಾಲ್ ಆಟಗಾರನ ಬಗ್ಗೆ ಬಂದ ಬರಹ ಓದಿದೆ. (ಹೆಸರು ನೋಡಿ ಮನೆಯಲ್ಲಿ ಮಕ್ಕಳು ಬಿದ್ದು ಬಿದ್ದು ನಕ್ಕರು, ಅದು ಬೇರೆ ಮಾತು.) ಬರಹ ಚೆನ್ನಾಗಿತ್ತು. ಆದರೆ ಪೂರ್ತಿ ಹಠದ ಕಥೆಯಾಗಿಬಿಟ್ಟಿದೆ. ಅಷ್ಟು ವರ್ಷ ಅವನ ಊಟ, ಬಾಡಿಗೆ ಹೇಗೆ ನಡೆಯಿತು ಅನ್ನೋ ಮಾತೇ ಇಲ್ಲ.

ಓದದವರಿಗಾಗಿ ಹೇಳುತ್ತೇನೆ. 2010ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಕ್ಲಬ್ ಅವನನ್ನು ಆರಿಸಿಕೊಂಡಿತು, ಅದೂ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನ 15ನೇ ಸುತ್ತಿನಲ್ಲಿ. ಅಲ್ಲಿಂದ ಶುರು ತಿರುಗಾಟ. ಅಲ್ಲಿ ಎಲ್ಲಕ್ಕಿಂತ ಮೇಲಿನದು ಮೇಜರ್ ಲೀಗ್, ಅದರ 30 ತಂಡಗಳ ಕೆಳಗೆ ಎ, ಡಬಲ್ ಎ, ಟ್ರಿಪಲ್ ಎ ಅಂತ ಮೆಟ್ಟಿಲುಗಳಿವೆ, ಈಗ ಸಣ್ಣ ದೊಡ್ಡ ಊರುಗಳ 120 ತಂಡ, ಬಸ್ಸಿನಲ್ಲೇ ಊರಿಂದೂರಿಗೆ ಓಡಾಟ. ಮ್ಯಾಗಿ ಹೀಗೆ 13 ಸೀಸನ್, 1,155 ಪಂದ್ಯ ಆಡಿದ. 2021ರಲ್ಲಿ ಮಿನೆಸೋಟ ಟ್ವಿನ್ಸ್‌ನವರು ಮೇಲಕ್ಕೆ ಕರೆಸಿಕೊಂಡರು, ಅಂಗಳಕ್ಕೇ ಇಳಿಸದೆ ವಾಪಸ್ ಕಳಿಸಿದರು. ಕೊನೆಗೆ 2023ರ ಏಪ್ರಿಲ್ 26ಕ್ಕೆ, 33ನೇ ವಯಸ್ಸಿನಲ್ಲಿ, ಅದೇ ಪಿಟ್ಸ್‌ಬರ್ಗ್ ಪರವಾಗಿ ಬ್ಯಾಟ್ ಹಿಡಿದು ಬಂದ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಔಟಾದ! ಮೊದಲ ಹಿಟ್ ಬಂದದ್ದು ಮೂರು ದಿನದ ಮೇಲೆ, ವಾಷಿಂಗ್ಟನ್‌ನಲ್ಲಿ.

ಇದನ್ನು ನಮ್ಮ ಅಣ್ಣನಿಗೆ ಓದಿ ಹೇಳಿದೆ. ಅಣ್ಣ ಪೈಲ್ವಾನ್. ಅಂದರೆ, ಆಗಿದ್ದ. ಮುಧೋಳ, ಜಮಖಂಡಿ ಕಡೆಯ ಜಾತ್ರೆ ಕುಸ್ತಿ ನೋಡಿದವರಿಗೆ ಗೊತ್ತು, ಮೊದಲು ಸಣ್ಣ ಹುಡುಗರು ತೆಂಗಿನಕಾಯಿಗೆ ಆಡುತ್ತಾರೆ, ಆಮೇಲೆ ನೂರು, ಐನೂರು, ಸಾವಿರ ರೂಪಾಯಿ ಇನಾಮಿನ ಜೋಡಿಗಳು, ಹೊತ್ತು ಮುಳುಗುವಾಗ ದೊಡ್ಡ ಜೋಡಿ, ಬೆಳ್ಳಿ ಗದೆ. ಅಣ್ಣ ಎಂಟು ವರ್ಷ ಆ ನಡುವಿನ ಜೋಡಿಗಳಲ್ಲೇ ಉಳಿದ. ಚೀಲದಲ್ಲಿ ಲಂಗೋಟಿ, ಡಬ್ಬಿಯಲ್ಲಿ ನೆನೆಸಿದ ಬಾದಾಮಿ, ಸಿಕ್ಕ ಬಸ್ ಹತ್ತಿ ಜಾತ್ರೆಯಿಂದ ಜಾತ್ರೆಗೆ. ಒಂದೂರಿನ ಕಮಿಟಿಯವರು "ಇನಾಮ್ ನಾಳಿ ಬಂದ್ ಒಯ್ರಿ" ಅಂದಿದ್ದರು, ಆ ನಾಳೆ ಇನ್ನೂ ಬಂದಿಲ್ಲ. 26ಕ್ಕೆ ಮದುವೆಯಾಯಿತು, ತಾಲೀಮು ಬಿಟ್ಟ. ಈಗ ಸೀಸನ್ನಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಎಡಗಿವಿ ಮುರುಟಿಕೊಂಡಿದೆ, ಫೋನ್ ಬಂದರೆ ಯಾವಾಗಲೂ ಬಲಗಿವಿಗೇ ಹಿಡಿಯುತ್ತಾನೆ.

ಎಲ್ಲ ಕೇಳಿ ಅವನು ಒಂದೇ ಮಾತು ಕೇಳಿದ: "ಅಲ್ಲೋ ತಮ್ಮಾ, ಹದಿಮೂರ್ ವರ್ಷ ಅವನ ಮನಿ ಯಾರ್ ನಡಸ್ಯಾರ?"

ಹುಡುಕಿ ನೋಡಿದೆ. ಡಬಲ್ ಎ ಆಟಗಾರನಿಗೆ 2022ರಲ್ಲಿ ವರ್ಷಕ್ಕೆ 13,800 ಡಾಲರ್. ನಮ್ಮ ಲೆಕ್ಕದಲ್ಲಿ ಹನ್ನೊಂದು ಲಕ್ಷದ ಹತ್ತಿರ ಅಂದ ಕೂಡಲೇ ಬಾಯಿ ಬಿಡಬೇಡಿ, ಅಲ್ಲಿಯ ಬಾಡಿಗೆಗೆ ಅದು ಸಾಲದು, ಆಟ ಇಲ್ಲದ ತಿಂಗಳುಗಳಲ್ಲಿ ಎಷ್ಟೋ ಆಟಗಾರರು ಬೇರೆ ಕೆಲಸ ಮಾಡುತ್ತಾರೆ. 2022ರಲ್ಲಿ ಅವರೆಲ್ಲ ಆಟಗಾರರ ಸಂಘ ಸೇರಿದರು, ಮರುವರ್ಷದ ಒಪ್ಪಂದದಲ್ಲಿ ಡಬಲ್ ಎ ಸಂಬಳ 30,250 ಡಾಲರ್ ಆಯಿತು. ಮೇಲಿನ ಲೀಗಿನಲ್ಲಿ ಆ ವರ್ಷ ಕನಿಷ್ಠ ಸಂಬಳವೇ 7,20,000 ಡಾಲರ್, ಆ ಅಂತರ ನೋಡಿದರೆ ತಲೆ ತಿರುಗುತ್ತದೆ. ಆದರೂ ಕೆಳಗಿನದು ಎಷ್ಟೇ ಕಡಿಮೆ ಇರಲಿ, ಸೋತ ದಿನವೂ ಎಣಿಕೆಯಾಗುವ ಸಂಬಳ ಅದು. ನಮ್ಮ ಅಣ್ಣ ಚಿತ್ ಆದ ದಿನ ಬಸ್ ಚಾರ್ಜೂ ಕೈಯಿಂದಲೇ.

ಇನ್ನೊಂದು ವಿಷಯ. ಇದೇ ಪೈರೇಟ್ಸ್ 2008ರಲ್ಲಿ ಉತ್ತರ ಪ್ರದೇಶದ ಇಬ್ಬರು ಹುಡುಗರನ್ನು ಸೇರಿಸಿಕೊಂಡಿತ್ತು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಕ್ರಿಕೆಟ್ಟಿನ ರಿಂಕು ಅಲ್ಲ, ಇವರು ಈಟಿ ಎಸೆಯುತ್ತಿದ್ದವರು. ಇಬ್ಬರೂ ಮೇಲಿನ ಲೀಗ್ ಮುಟ್ಟಲಿಲ್ಲ. ರಿಂಕು ಕೆಲವು ವರ್ಷ ಕೆಳಗೆ ಆಡಿ, ಆಮೇಲೆ ಡಬ್ಲ್ಯೂಡಬ್ಲ್ಯೂಇಗೆ ಹೋದ. ಅದನ್ನು ಅಣ್ಣ ಕುಸ್ತಿ ಅಂತ ಒಪ್ಪುವುದಿಲ್ಲ, ಬಿಡಿ.

ನಮ್ಮಲ್ಲಿ ಮಾಜಿ ಪೈಲ್ವಾನರಿಗೆ ಸರ್ಕಾರದ ಮಾಸಾಶನ ಇದೆ, ಒಳ್ಳೆಯದೇ. ಆದರೆ ಅದು ವಯಸ್ಸಾದ ಮೇಲೆ. ಹಾಲು, ತುಪ್ಪ, ಬಾದಾಮಿ ಬೇಕಾಗುವುದು ಇಪ್ಪತ್ತೈದರಲ್ಲಿ ಅಲ್ವಾ? ರೈಲ್ವೆಯಲ್ಲೋ ಪೊಲೀಸಿನಲ್ಲೋ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕವರು ಬಚಾವ್. ಉಳಿದವರನ್ನು ಅಪ್ಪನ ಎಮ್ಮೆ ಸಾಕಬೇಕು.

ಈ ಸಲದ ಜಾತ್ರೆಗಳ ಸುದ್ದಿಯಲ್ಲಿ ಗದೆ ಹಿಡಿದವನ ಫೋಟೋ ಹಾಕಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ನಾಲ್ಕು ಸಾಲು ಜಾಗ ಬಿಟ್ಟು, ನಡುವಿನ ಜೋಡಿಗಳಲ್ಲಿ ಯಾರ್‍ಯಾರು ಆಡಿದರು, ಎಷ್ಟು ಇನಾಮು ಸಾರಿದ್ದರು, ಕೈಗೆ ಎಷ್ಟು ಬಂತು ಅಂತಲೂ ಬರೆಸಿ. ಕಮಿಟಿಯವರು ಬೈದರೆ ನನ್ನ ಹೆಸರು ಹೇಳಿ.

ಇತಿ,
ನಿಮ್ಮ ಓದುಗ,
ಮುಧೋಳ, ಬಾಗಲಕೋಟೆ ಜಿಲ್ಲೆ