ಕೆಳಗಿನ ತೋಟದವನಿಗೆ, ದ್ವೀಪದಿಂದ

ಮಾರಾಯ,

ಹೋದ ತಿಂಗಳು ನೀನು ಫೋನ್ ಮಾಡಿ "ಅಲ್ಲಿ ಇಡೀ ದಿನ ಎಂತ ಮಾಡ್ತಿ?" ಅಂತ ಕೇಳಿದಾಗ ನೆಟ್‌ವರ್ಕ್ ಇಲ್ಲ ಅಂತ ಕಟ್ ಮಾಡಿದ್ನಲ್ಲ, ನೆಟ್‌ವರ್ಕ್ ಇತ್ತು. ಅದಕ್ಕೆ ಈಗ ಬರೀತಿದೀನಿ, ಅದೂ ನಾಲ್ಕು ಜನ ಓದೋ ಜಾಗದಲ್ಲಿ. ಇಲ್ಲೇ ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಉಳಿದವರು ಜಗಲಿ ಮೇಲೆ ಕೂತು ಕವಳ ಹಾಕಿಕೊಳ್ಳಿ. ಒಳಗಿನ ಮಾತು ಅಲ್ಲಿಗೂ ಕೇಳಿಸುತ್ತೆ.

ಮೊದಲು ಕ್ಷೇಮ ಸಮಾಚಾರ. ಊರಿನ ಹೆಸರು ಇಸ್ಲಾ ಮುಹೆರೆಸ್, ಮೆಕ್ಸಿಕೋ ದೇಶದ್ದು. ಹೆಂಗಸರ ದ್ವೀಪ ಅಂತ ಅರ್ಥ. (ನಗಬೇಡ. ಮೂರು ವರ್ಷದಿಂದ ನಿನ್ನದು ಅದೇ ನಗು.) 1517ರಲ್ಲಿ ಸ್ಪೇನಿನವರು ಬಂದಿಳಿದಾಗ ಇಲ್ಲಿನ ಮಾಯಾ ಜನರ ದೇವತೆ ಇಷ್‌ಚೆಲ್‌ಗೆ ಸೇರಿದ ಹೆಣ್ಣು ಮೂರ್ತಿಗಳು ಕಂಡವಂತೆ, ಅದಕ್ಕೆ ಆ ಹೆಸರಿಟ್ಟರಂತೆ. ಉದ್ದ 7 ಕಿ.ಮೀ., ಅಗಲ ಒಂದು ಕಿ.ಮೀ. ಕೂಡ ತುಂಬೋದು ಕಷ್ಟ. ಸ್ಕೂಟರ್ ಹತ್ತಿ ಗಾಡಿ ಬಿಸಿಯಾಗೋದರೊಳಗೆ ದೇಶ ಮುಗಿದು ಸಮುದ್ರ ಬಂದಿರುತ್ತೆ. ಎದುರಿಗೆ ಕಾನ್‌ಕುನ್‌ನ ಹೋಟೆಲುಗಳ ಸಾಲು. ಅಲ್ಲಿಂದ ಇಲ್ಲಿಗೆ ದೋಣಿಯಲ್ಲಿ ಇಪ್ಪತ್ತು ನಿಮಿಷ.

ನಾನು ಇಲ್ಲಿಗೆ ಬಂದಿದ್ದು ಸಮುದ್ರ ನೋಡೋಕಲ್ಲ, ನಿದ್ದೆ ಮಾಡೋಕೆ. ಬೆಂಗಳೂರಲ್ಲಿ ಕೂತು ಅಮೆರಿಕದ ಗಡಿಯಾರಕ್ಕೆ ಹನ್ನೊಂದು ವರ್ಷ ದುಡಿದು, ರಾತ್ರಿ ಒಂದೂವರೆಗೆ "ಗುಡ್ ಆಫ್ಟರ್‌ನೂನ್" ಹೇಳಿ ಹೇಳಿ ತಲೆ ಕೆಟ್ಟಿತ್ತು ಅಂತ ನಿನಗೆ ಗೊತ್ತು. ಈ ರಾಜ್ಯ, ಕಿಂತಾನಾ ರೋ, 2015ರಲ್ಲಿ ತನ್ನ ಗಡಿಯಾರಾನೇ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡಿತು, ಪ್ರವಾಸಿಗಳಿಗೆ ಸಂಜೆ ಬೆಳಕು ಜಾಸ್ತಿ ಸಿಗಲಿ ಅಂತ. ಅದರಿಂದ ನನಗೂ ಲಾಭ ಆಯ್ತು. ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಒಂಬತ್ತು ಗಂಟೆ ಅಂದ್ರೆ ಇಲ್ಲೂ ಒಂಬತ್ತೇ. ನಿಮಗೂ ನಮಗೂ ನಡುವೆ ಹತ್ತೂವರೆ ಗಂಟೆ. ಅಮ್ಮ ಬೆಳಿಗ್ಗೆ ಆರಕ್ಕೆ ಕಾಫಿ ಕುಡೀತಾ ಫೋನ್ ಮಾಡಿದ್ರೆ ಇಲ್ಲಿ ಹಿಂದಿನ ಸಂಜೆ ಏಳೂವರೆ. "ನಿಂಗಿನ್ನೂ ನಿನ್ನೆನಾ?" ಅಂತ ದಿನಾ ಕೇಳ್ತಾಳೆ. ಹೌದಮ್ಮ, ನಂಗಿನ್ನೂ ನಿನ್ನೆ.

ನಾನಿರೋದು ಕಡಲ ದಂಡೆಯಲ್ಲಲ್ಲ. ಆ ಫೋಟೋಗಳನ್ನೆಲ್ಲ ಭಾನುವಾರ ಅಲ್ಲಿಗೆ ಹೋಗಿ ತೆಗೆದಿದ್ದು. ಮನೆ ದ್ವೀಪದ ನಡುವಿನ ಒಂದು ಕೇರಿಯಲ್ಲಿ. ಇಂಥ ಕೇರಿಗೆ ಇಲ್ಲಿ ಕೊಲೋನಿಯಾ ಅಂತಾರೆ. ಗೋಡೆಗೆ ಗೋಡೆ ತಾಗಿದ ಮನೆಗಳು, ಮಾಳಿಗೆ ಮೇಲೆ ಕಪ್ಪು ನೀರಿನ ಟ್ಯಾಂಕು, ಒಂದೇ ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು, ಮುಂದೊಂದು ನಾಯಿ. ನಲ್ಲಿ ನೀರು ಸಮುದ್ರದ ತಳದಲ್ಲಿ ಹಾಕಿದ ಪೈಪಿನಲ್ಲಿ ಆಚೆ ದಡದಿಂದ ಬರುತ್ತೆ. ಕುಡಿಯೋ ನೀರು ಬೇರೆ, 20 ಲೀಟರಿನ ಕ್ಯಾನು. ಕ್ಯಾನಿನವನಿಗೆ ಫೋನ್ ಮಾಡಿದ್ರೆ "ಅವೊರಿತ" ಅಂತಾನೆ. ಈ ಪದ ಕಲಿತರೆ ಅರ್ಧ ಮೆಕ್ಸಿಕೋ ಕಲಿತ ಹಾಗೆ. ನಿಘಂಟಿನಲ್ಲಿ "ಈಗಲೇ" ಅಂತ ಇದೆ. ಬಳಕೆಯಲ್ಲಿ ಐದು ನಿಮಿಷವೂ ಆಗಬಹುದು, ನಾಳೆಯೂ ಆಗಬಹುದು, ಬರೋದೇ ಇಲ್ಲ ಅನ್ನೋದನ್ನ ಮರ್ಯಾದೆಯಿಂದ ಹೇಳಿದ್ದೂ ಆಗಬಹುದು. ಅಡಿಕೆ ಕೊಯ್ಯೋ ನಮ್ಮ ಕೊನೆಗಾರ "ಇಗ, ಬಂದೆ" ಅಂತಾನಲ್ಲ, ಅದೇ.

ಊಟಕ್ಕೆ ತೊಂದರೆ ಇಲ್ಲ. ಮೂಲೆ ಅಂಗಡಿಯಲ್ಲಿ ಜೋಳದ ತೊರ್ತಿಯಾ ಕಿಲೋ ಲೆಕ್ಕದಲ್ಲಿ, ಮಿಷನ್ನಿನಿಂದ ಬಿಸಿಬಿಸಿಯಾಗಿ ಬೀಳ್ತಿರುತ್ತೆ. ಕಾಗದದಲ್ಲಿ ಸುತ್ತಿದ್ರೆ ಬೆವೆತು ಅಂಟಿಕೊಳ್ಳುತ್ತೆ ಅಂತ ಪಕ್ಕದ ಮನೆ ದೋನ್ಯಾ (ಅಂದ್ರೆ ಅಮ್ಮಾವ್ರು) ನನಗೊಂದು ಬಟ್ಟೆ ಕೊಟ್ಟಿದಾಳೆ, ಅಂಚಿಗೆ ಕಸೂತಿ ಹಾಕಿದ್ದು. ಮೀನಿಗೆ ಕೆಂಪು ಬೀಜದ ಮಸಾಲೆ ಅರೆದು, ನಮ್ಮ ಹೇರಳೆಕಾಯಿ ನೆನಪು ತರೋ ಹುಳಿ ಕಿತ್ತಳೆ ಹಿಂಡಿ, ಬಾಳೆ ಎಲೆಯಲ್ಲಿಟ್ಟು ಕೆಂಡದ ಮೇಲೆ ಸುಡ್ತಾರೆ. ತಿಕಿನ್ ಶಿಕ್ ಅಂತ ಹೆಸರು. ತಿಂದಾಗಲೆಲ್ಲ ಹತ್ತುಮೀನಿಗೆ, ಅದೇ ಮಳೆಗಾಲದಲ್ಲಿ ಹಳ್ಳ ಹತ್ತೋ ಮೀನು ಹಿಡಿಯೋಕೆ, ಹೋದ ಆ ರಾತ್ರಿ ನೆನಪಾಗುತ್ತೆ. ಟಾರ್ಚ್ ಯಾರದು ಅಂತ ಇಲ್ಲಿ ಬರೆಯೋದಿಲ್ಲ, ಹೆದರಬೇಡ. ಇನ್ನೊಂದು ವಿಷಯ: ನಿಮ್ಮ ಹಿತ್ತಲಿನ ಸಪೋಟ ಮೂಲದಲ್ಲಿ ಈ ಕಡೆಯದು. ಹೆಸರು ಕೂಡ ಮೆಕ್ಸಿಕೋದ ಹಳೇ ಭಾಷೆ ನಾವಾತ್ಲ್‌ನ "ತ್ಸಾಪೋತ್ಲ್"ನಿಂದ ಬಂದಿದ್ದು. ನಿಮ್ಮಪ್ಪ ಅದನ್ನು ನಾಟಿ ಹಣ್ಣು ಅಂತ ಸಂತೆಯಲ್ಲಿ ಮಾರಿದ್ರಲ್ಲ!

ಮಳೆ ವಿಷಯಕ್ಕೆ ನಾನು ಇಲ್ಲಿ ಬಾಯಿ ಮುಚ್ಚಿಕೊಂಡೆ. ಬಂದ ಹೊಸದರಲ್ಲಿ ದೋನ್ಯಾ ಹತ್ರ ಆಗುಂಬೆ ಜಂಬ ಕೊಚ್ಚಿದ್ದೆ, ವರ್ಷಕ್ಕೆ 7,000 ಮಿ.ಮೀ. ಮೇಲೆ ಸುರಿಯುತ್ತೆ, ಗೊತ್ತಾ ಅಂತ. ಅವಳು ಬೀನ್ಸ್ ಆರಿಸ್ತಾ ಕೇಳಿಸಿಕೊಂಡು, 2005ರ ಅಕ್ಟೋಬರಿನಲ್ಲಿ ವಿಲ್ಮಾ ಚಂಡಮಾರುತ ಬಂದಾಗ ಈ ದ್ವೀಪದಲ್ಲಿ 24 ಗಂಟೆಗೆ ಬಿದ್ದಿದ್ದನ್ನ ಹೇಳಿದಳು. ಆಮೇಲೆ ಹುಡುಕಿ ನೋಡಿದೆ: ಸುಮಾರು 1,634 ಮಿ.ಮೀ. ಬೆಂಗಳೂರಿನ ಒಂದೂವರೆ ವರ್ಷದ ಮಳೆ ಒಂದೇ ದಿನಕ್ಕೆ! ಅವತ್ತಿಂದ ಆಗುಂಬೆ ಹೆಸರು ಎತ್ತಿಲ್ಲ.

ಈಗ ಗ್ವೆರೊ ಕಥೆ. ಸಂತೆಯಲ್ಲಿ ನಾನು ಟೊಮೆಟೊ ಮುಟ್ಟಿದ ಕೂಡಲೇ ಹೆಂಗಸರು "ಏನ್ ಬೇಕು ಗ್ವೆರೊ?" ಅಂತಾರೆ. ಗ್ವೆರೊ ಅಂದ್ರೆ ಬಿಳಿಯ, ಬಂಗಾರದ ಕೂದಲಿನವನು. ನನ್ನ ಬಣ್ಣ ನಿನಗೆ ಗೊತ್ತು. ಶಾಲಾ ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚದೆ ಯಮನ ಪಾತ್ರ ಮಾಡಿದವನು ನಾನು. ಮೊದಲ ಸಲ ಕೇಳಿದಾಗ ಹಿಂದೆ ಯಾರಾದ್ರೂ ನಿಂತಿದಾರಾ ಅಂತ ತಿರುಗಿ ನೋಡಿದೆ. ಆಮೇಲೆ ಗೊತ್ತಾಯ್ತು, ಅದು ಗಿರಾಕಿಗೆ ಹೇಳೋ ಮಾತು, ನಾವು "ಧಣೀ" ಅನ್ನೋ ಹಾಗೆ. ವಾಟ್ಸ್ಯಾಪಿನಲ್ಲಿ ನಿಮಗೆಲ್ಲ ಹೇಳಿ ನಗಿಸಿದ್ದೆ. ಇತ್ತೀಚೆಗೆ ಯಾಕೋ ನಗು ಬರ್ತಿಲ್ಲ.

ಅದಕ್ಕೆ ಕಾರಣ ಒಂದು ಕರೆಂಟ್ ಬಿಲ್ಲು.

ಈ ಕಡೆ ಮಂಚದ ಬದಲು ತೂಗುಹಾಸಿಗೆ. ಅದನ್ನ ಕಟ್ಟೋಕೆ ಗೋಡೆಯಲ್ಲೇ ಕಬ್ಬಿಣದ ಕೊಕ್ಕೆ ಹೂತಿರ್ತಾರೆ. ನನ್ನ ಮನೆಯ ಎರಡು ಕೋಣೆಗಳಲ್ಲಿ ಹನ್ನೆರಡು ಕೊಕ್ಕೆ ಇವೆ. ಎರಡರಲ್ಲಿ ನಾನು ಮಲಗ್ತೀನಿ, ಒಂದರಲ್ಲಿ ಬ್ಯಾಗು, ಒಂದರಲ್ಲಿ ಬಾಳೆಗೊನೆ, ಎರಡರ ನಡುವೆ ಹಗ್ಗ ಕಟ್ಟಿ ಚಡ್ಡಿ ಒಣಗಿಸ್ತೀನಿ. ಉಳಿದವು ಸುಮ್ಮನಿವೆ. ಹನ್ನೆರಡು ಕೊಕ್ಕೆ ಅಂದ್ರೆ ಆರು ಜನ ಅನ್ನೋ ಲೆಕ್ಕ ಮೂರು ವರ್ಷದಲ್ಲಿ ಒಮ್ಮೆಯೂ ತಲೆಗೆ ಬಂದಿರಲಿಲ್ಲ ನೋಡು. ಬಿಲ್ಲು ಇನ್ನೂ ಹಳೇ ಬಾಡಿಗೆಯವರ ಹೆಸರಲ್ಲೇ ಬರುತ್ತೆ. ನಾನು ಅದೇ ಹೆಸರಲ್ಲಿ ಕಟ್ಕೊಂಡು ಬರ್ತಿದ್ದೆ.

ಹೋದ ತಿಂಗಳು ಒಂದು ಸಂಜೆ ಆ ಹೆಸರಿನವನೇ ಬಾಗಿಲಿಗೆ ಬಂದ. ನನ್ನದೇ ವಯಸ್ಸು, ಹೋಟೆಲಿನ ಅಡುಗೆಯವರ ಬಿಳಿ ಅಂಗಿ, ಕೈಯಲ್ಲಿ ಟೋಪಿ. ಬಿಲ್ಲಿನ ಒಂದು ಪ್ರತಿ ಕೊಡ್ತೀರಾ ಅಂತ ಕೇಳಿದ. ದ್ವೀಪದವರಿಗೆ ದೋಣಿ ಟಿಕೆಟಿನಲ್ಲಿ ರಿಯಾಯಿತಿ ಇದೆ, ಅದಕ್ಕೆ ಇಲ್ಲಿನ ವಿಳಾಸ ತೋರಿಸಬೇಕು. ಇಲ್ಲೇ ಹುಟ್ಟಿದವನು. ಈಗ ಆಚೆ ದಡದಲ್ಲಿ ಮನೆ ಮಾಡಿ ದಿನಾ ಬೆಳಿಗ್ಗೆ ದೋಣಿ ಹತ್ತಿ ಕೆಲಸಕ್ಕೆ ಬರ್ತಾನೆ. ಒಳಗೆ ಕರೆದೆ, ಚಹಾ ಮಾಡಿದೆ. ಕುಡೀತಾ ಕೋಣೆ ನೋಡಿದ, ಚಡ್ಡಿ ಹಗ್ಗ ನೋಡಿದ. ಎದ್ದು ಕಿಟಕಿ ಪಕ್ಕದ ಕೊಕ್ಕೆಯನ್ನ ಹಿಡಿದು ಮೆಲ್ಲಗೆ ಅಲ್ಲಾಡಿಸಿ, "ಇದು ಸಡಿಲ ಇದೆ, ಭಾರ ಹಾಕಬೇಡಿ" ಅಂದ. ಸಿಟ್ಟಿಲ್ಲ, ವ್ಯಂಗ್ಯ ಇಲ್ಲ, ಬಾಡಿಗೆ ಎಷ್ಟು ಅಂತ ಕೂಡ ಕೇಳಲಿಲ್ಲ. ಬೈದಿದ್ರೆ ನನಗೆ ಉತ್ತರ ಇತ್ತು ಮಾರಾಯ.

ಬಾಡಿಗೆ ಎಷ್ಟು ಅಂತ ನಾನು ಹೇಳ್ತೀನಿ: ಅವನು ಕೊಡ್ತಿದ್ದದರ ಎರಡೂವರೆ ಪಟ್ಟು. ಮನೆ ಮಾಲೀಕನೇ ಒಮ್ಮೆ ಬಿಯರ್ ಕುಡಿದು ಖುಷಿಯಲ್ಲಿ ಹೇಳಿದ್ದ. ನಾನು ಚೌಕಾಸಿ ಕೂಡ ಮಾಡಿರಲಿಲ್ಲ. ಮಾಡಿದ್ರೆ ಬಡ ದೇಶದವನು ಅಂದ್ಕೋತಾರೆ ಅಂತ ಅಭಿಮಾನ ಬೇರೆ!

ನಮ್ಮೂರಿಗೆ ಶನಿವಾರ ಸಾಲುಗಟ್ಟಿ ಬರೋ ಕಾರುಗಳನ್ನ ಮೋರಿ ಕಟ್ಟೆ ಮೇಲೆ ಕೂತು ಎಣಿಸ್ತಿದ್ವಲ್ಲ, ಒಂದೊಂದಕ್ಕೂ ಒಂದೊಂದು ಹೆಸರಿಟ್ಟು. "ಆಹಾ, ಏನ್ ಗಾಳಿ, ಏನ್ ಹಸಿರು" ಅಂತ ನೀನು ಅವರ ಹಾಗೆ ಮಾಡಿ ತೋರಿಸ್ತಿದ್ದೆ. ನನ್ನ ಹಳೇ ಪೋಸ್ಟ್‌ಗಳನ್ನ ಮೊನ್ನೆ ಓದಿದೆ. ಆಹಾ, ಏನ್ ನೀಲಿ.

ಒಂದು ತಮಾಷೆ ಕೇಳು. ಕರಾವಳಿಯಿಂದ 50 ಕಿ.ಮೀ. ಒಳಗೆ ಪರದೇಶಿ ತನ್ನ ಹೆಸರಿಗೇ ನೆಲ ಕೊಳ್ಳೋ ಹಾಗಿಲ್ಲ ಅಂತ ಇಲ್ಲಿಯ 1917ರ ಸಂವಿಧಾನದಲ್ಲೇ ಬರೆದಿದಾರೆ. ಬ್ಯಾಂಕಿನ ಟ್ರಸ್ಟ್ ಮೂಲಕ ಸುತ್ತು ಹೊಡೆದು ಕೊಳ್ಳೋ ದಾರಿ ಆಮೇಲೆ ಮಾಡಿಕೊಂಡ್ರು, 50 ವರ್ಷದ್ದು, ಮತ್ತೆ ಮುಂದುವರಿಸಬಹುದು. ದ್ವೀಪದ ತುಂಬ ಪರದೇಶಿಗಳ ಮನೆ ಎದ್ದಿರೋದು ಅದೇ ದಾರಿಯಲ್ಲಿ. ನಮ್ಮಲ್ಲಿ ಕೃಷಿಕ ಅಲ್ಲದವನು ತೋಟ ಕೊಳ್ಳದ ಹಾಗೆ ತಡೀತಿದ್ದ 79ಎ, 79ಬಿ ಕಲಮುಗಳನ್ನ 2020ರಲ್ಲಿ ಕಿತ್ತು ಹಾಕಿದ್ರು. ಅವತ್ತು ನಾವಿಬ್ಬರೂ ಫೋನಲ್ಲಿ ಒಂದೂವರೆ ಗಂಟೆ ಸರ್ಕಾರಕ್ಕೆ ಬೈದಿದ್ವಿ. ನಾನೇ ಜಾಸ್ತಿ ಬೈದಿದ್ದು. "ಇನ್ನು ಊರು ಊರಾಗಿ ಉಳಿಯಲ್ಲ" ಅಂತ ನನ್ನ ಬಾಯಲ್ಲೇ ಬಂದಿತ್ತು.

ನಾನು ಅಡ್ವಾನ್ಸ್ ತಗೊಂಡಿದೀನಿ ಕಣೋ.

ತೋಟ, ಮನೆ, ಮೇಲಿನ ಬ್ಯಾಣದ ಗುಡ್ಡ, ಎಲ್ಲ ಸೇರಿ. ಬೆಂಗಳೂರಿನ ಪಾರ್ಟಿ. ಒಳ್ಳೇ ಮನುಷ್ಯ, ಮಾತಿನಲ್ಲಿ ತುಂಬ ವಿನಯ. ಹಳೇ ಮನೆ ಒಂದು ಕಂಬ ಕದಲಿಸದೆ ಹಾಗೇ ಇಟ್ಕೊಂಡು ನಾಲ್ಕು ಕೋಣೆ ಬಾಡಿಗೆಗೆ ಬಿಡ್ತಾರಂತೆ. ನಾನೂ ಈ ಮನೆಯ ಕೊಕ್ಕೆಗಳನ್ನ ಹಾಗೇ ಇಟ್ಕೊಂಡಿದೀನಲ್ಲ. ಅಪ್ಪ ಹೋದ ಮೇಲೆ ಅಡಿಕೆಗೆ ಎಲೆಚುಕ್ಕಿ ರೋಗ ಹತ್ತಿ ಫಸಲು ಅರ್ಧಕ್ಕಿಳಿದಿದ್ದು ನಿನಗೆ ಗೊತ್ತು. ಔಷಧಿ ಹೊಡೆಸಿದ್ದು ನೀನೇ. ಅಮ್ಮ ಅಕ್ಕನ ಮನೆಯಲ್ಲಿ. ಕೇಳಿದ್ದಕ್ಕೆ "ನಿಂಗೆ ಹೆಂಗೆ ಕಂಡ್ರೆ ಹಂಗೆ ಮಾಡು" ಅಂದಳು. ನಮ್ಮ ಕಡೆ ಅಮ್ಮಂದಿರು ಬೇಡ ಅನ್ನೋಕೆ ಬಳಸೋ ಮಾತು ಅದು ಅಂತ ನನಗೂ ಗೊತ್ತು. ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರಿದೆ, ಪೌತಿ ಖಾತೆ ಆಗಿಲ್ಲ, ಅಷ್ಟರ ಮಟ್ಟಿಗೆ ಯಾವುದೂ ಮುಗಿದಿಲ್ಲ ಅಂತ ರಾತ್ರಿ ತೂಗುಹಾಸಿಗೆಯಲ್ಲಿ ಬಿದ್ಕೊಂಡು ಹೇಳಿಕೊಳ್ತೀನಿ. ಇಲ್ಲಿ ಬರೋ ವರ್ಷಕ್ಕೆ ನಾಲ್ಕು ವರ್ಷ ತುಂಬುತ್ತೆ, ಆಮೇಲೆ ಕಾಯಂ ನಿವಾಸಿ ಕಾರ್ಡು. ಎರಡೇ ವರ್ಷ ಅಂತ ಹೇಳಿ ಬಂದವನು ಅದಕ್ಕೂ ಕಾಗದಪತ್ರ ಜೋಡಿಸ್ತಿದೀನಿ. ಬ್ಯಾಣದ ಅಬ್ಬಿ ನೀರು ನಿಮ್ಮ ತೋಟಕ್ಕೆ ಇಳಿಯೋದು ಅಂತ ಅವರಿಗೆ ಹೇಳಿದೆ. "ಅದೆಲ್ಲ ಆಮೇಲೆ ಮಾತಾಡೋಣ ಸರ್" ಅಂದ್ರು. ನಾನು ಹ್ಞೂಂ ಅಂದೆ.

ನೀನು "ಇಡೀ ದಿನ ಎಂತ ಮಾಡ್ತಿ" ಅಂದಿದ್ದು ಸುಮ್ಮನೆ ಅಂತ ಗೊತ್ತು. ದುಡ್ಡು ಬಂದು ನಾಲ್ಕು ದಿನ ಆಗಿತ್ತು, ನನಗೆ ಬೇರೆ ಥರ ಕೇಳಿಸ್ತು.

ಫೋನಲ್ಲಿ ಹೇಳಿದ್ರೆ ನೀನು ಬೈಯೋದಿಲ್ಲ, ಸುಮ್ಮನಾಗ್ತಿ. ಅದು ನನಗೆ ಆಗಲ್ಲ. ಇಲ್ಲಿ ಬರೆದ್ರೆ ಜಗಲಿ ಮೇಲಿನವರ ಮರ್ಯಾದೆಗಾದ್ರೂ ಏನಾದ್ರೂ ಒಂದು ಮಾತು ಹೇಳ್ತಿ ಅಂತ ಲೆಕ್ಕ. ಹೇಡಿ ಅನ್ನು, ಪರವಾಗಿಲ್ಲ. ಎಂಟನೇ ಕ್ಲಾಸಿನಲ್ಲಿ ಛತ್ರಿ ವಿಷಯದಲ್ಲೂ ಹೀಗೇ ಮಾಡಿದ್ದೆ, ನೀನು ಮರೆತಿಲ್ಲ.

ಸಾಕು. ಯಾಕೆ ಇಷ್ಟು ಗಂಭೀರ ಆಯ್ತೋ ಗೊತ್ತಿಲ್ಲ, ಮಧ್ಯಾಹ್ನದ ಬೀನ್ಸ್ ಇರಬೇಕು. ಗಾಳಿ ಆ ಕಡೆಯಿಂದ ಬೀಸ್ತಿದೆ, ದಡದಲ್ಲಿ ಸರ್ಗಾಸೋ ಪಾಚಿ ರಾಶಿ ರಾಶಿ ಬಿದ್ದು ಕೊಳೆತು ಮೊಟ್ಟೆ ನಾತ. ಒಂದು ಲಾರಿ ಕಳಿಸಲಾ, ಅಡಿಕೆ ಬುಡಕ್ಕೆ? ಮಿಡಿ ಉಪ್ಪಿನಕಾಯಿ ಬಾಟಲಿಯಲ್ಲಿ ಈಗ ರಸ ಮಾತ್ರ ಉಳಿದಿದೆ. ದೋನ್ಯಾ ಅದನ್ನ ತೊರ್ತಿಯಾಕ್ಕೆ ಹಚ್ಚಿ ತಿಂದು ಕಣ್ಣಲ್ಲಿ ನೀರು ಸುರಿಸ್ತಾ ಇನ್ನೊಂದು ಕೇಳಿದಳು. ಮುಂದಿನ ಸಲ ಎರಡು ಬಾಟಲಿ ಕಟ್ಟಿಸು, ನನಗೆ ಕಟ್ಟೋ ಮನಸ್ಸಿದ್ರೆ. ಇಲ್ಲದಿದ್ರೆ ದೋನ್ಯಾ ಹೆಸರಿಗಾದ್ರೂ.

ಇಂತಿ ನಿನ್ನ,
ಗ್ವೆರೊ

ತಾ.ಕ.: ಅಬ್ಬಿ ನೀರಿನ ವಿಷಯ ಕರಾರು ಪತ್ರದಲ್ಲಿ ಬರೆಸಿದೀನಿ. ಬರೆಸಿದೀನಿ ಅಂದ್ರೆ, ಬರೆಸ್ತೀನಿ. ಅವೊರಿತ.