ಅರ್ಜಿ ಬರೆಯುವವನ ಹತ್ತಿರ ಹೋಗು

ಪ್ರಿಯ ತಮ್ಮ,

ಪತ್ರ ಮುಟ್ಟಿತು. ಮೂರು ಕಡೆಯಿಂದ ಹಸ್ತಪ್ರತಿ ವಾಪಸು ಬಂತು, ನಂಜನಗೂಡಲ್ಲಿ ಬರೆಯುವಂಥದ್ದು ಏನೂ ನಡೆಯುವುದಿಲ್ಲ, ಬೆಂಗಳೂರಿಗೆ ಹೋಗಿಬಿಡಲೇ ಅಂತ ಕೇಳಿದ್ದೀಯ. ವಾಪಸು ಬಂದದ್ದಕ್ಕೆ ನನ್ನ ಹತ್ತಿರ ಮದ್ದಿಲ್ಲ. ‘ಏನೂ ನಡೆಯುವುದಿಲ್ಲ’ ಅಂದೆಯಲ್ಲ, ಅದಕ್ಕೆ ನನ್ನ ತಕರಾರು.

ನಿನ್ನ ಪಕ್ಕದ ಮೈಸೂರಲ್ಲೇ ಆರ್.ಕೆ. ನಾರಾಯಣ್ ಇದ್ದರು. ಕಾಲೇಜು ಸೇರುವ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ನಪಾಸಾದ ಮನುಷ್ಯ. ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಒಂದು ನೋಟ್‌ಬುಕ್ ಕೊಂಡು ಬರೆಯಲು ಕೂತರು. ಅವರ ಕಥೆಗಳ ಕಲ್ಪಿತ ಊರು ಮಾಲ್ಗುಡಿ ಹುಟ್ಟಿದ್ದು ಅಲ್ಲಿ. ಆ ಊರಿನ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕೂಡ ಪ್ರಕಾಶಕರಿಂದ ತಿರುಗಿ ತಿರುಗಿ ಬಂತು. ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಅಂತ ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಬರೆದರಂತೆ. ಗೆಳೆಯ ಎಸೆಯಲಿಲ್ಲ, ಇಂಗ್ಲೆಂಡಿನ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ ಅಚ್ಚಾಯಿತು. ಅಷ್ಟಾದರೂ ದುಡ್ಡು ಹುಟ್ಟಲಿಲ್ಲ. ಮೊದಲ ಮೂರು ಕಾದಂಬರಿಗೆ ಮೂವರು ಬೇರೆ ಬೇರೆ ಪ್ರಕಾಶಕರು.

ಹೊಟ್ಟೆಪಾಡಿಗೆ ಆ ವರ್ಷಗಳಲ್ಲೇ ಮದ್ರಾಸಿನ ಪತ್ರಿಕೆಯೊಂದಕ್ಕೆ ಮೈಸೂರಿನ ವರದಿಗಾರರಾದರು. ಅಚ್ಚಾದ ಉದ್ದಕ್ಕೆ ತಕ್ಕಷ್ಟು ಕಾಸು. ಹಾಗಾಗಿ ಬೆಳಗಾದರೆ ಕೋರ್ಟು, ಪೊಲೀಸ್ ಠಾಣೆ, ಮಾರುಕಟ್ಟೆ ಅಂತ ಸುತ್ತು. ಆ ಸುತ್ತಾಟವೇ ಅವರ ನಿಜವಾದ ಕಾಲೇಜು ಅನ್ನುತ್ತೇನೆ ನಾನು. ಯಾದವಗಿರಿಯಲ್ಲಿ ಸ್ವಂತ ಮನೆ ಕಟ್ಟಿಸಿ, ಹೆಸರು ಬಂದ ಮೇಲೂ ಊರೊಳಗೆ ನಡೆಯುವುದನ್ನು ಬಿಡಲಿಲ್ಲ.

1952ರ ‘ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್’ ಓದು. ಅದರ ನಾಯಕ ಮಾರ್ಗಯ್ಯ ಸಹಕಾರಿ ಬ್ಯಾಂಕಿನ ಎದುರು ಆಲದ ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತಿರುತ್ತಾನೆ. ಪೆಟ್ಟಿಗೆಯಲ್ಲಿ ಮಸಿ, ಲೆಕ್ಕದ ಪುಸ್ತಕ, ಬ್ಯಾಂಕಿನೊಳಗಿಂದ ಹೇಗೋ ಸಂಪಾದಿಸಿದ ಸಾಲದ ಅರ್ಜಿಗಳು. ಹಳ್ಳಿಯಿಂದ ಬಂದವರಿಗೆ ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವ ದಾರಿ ಹೇಳಿಕೊಡುತ್ತಾನೆ. ಅವನನ್ನು ಕಳ್ಳ ಅನ್ನಲೂ ಆಗದು, ಪಾಪ ಅನ್ನಲೂ ಆಗದು. ನಾರಾಯಣ್ ತೀರ್ಪು ಕೊಡುವುದಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸುತ್ತಾರೆ, ಅಷ್ಟೆ. ಇಂಗ್ಲಿಷಿನಲ್ಲಿ ಬರೆದರು ನಿಜ, ಆದರೆ ಆ ವಾಕ್ಯಗಳಲ್ಲಿ ಪಂಡಿತರ ಜರತಾರಿ ಇಲ್ಲ. ನೀನು ಕನ್ನಡದಲ್ಲಿ ಬರೆಯುತ್ತಿದ್ದೀಯ, ಆದರೂ ಜರತಾರಿ ಬಿಟ್ಟಿಲ್ಲ!

ಇನ್ನು, ಅಮ್ಮನ ಸಾವನ್ನು ಈಗಲೇ ಬರೆಯಬೇಕು ಅಂದಿದ್ದೀಯ. ನಾರಾಯಣರ ಹೆಂಡತಿ ರಾಜಂ 1939ರಲ್ಲಿ ಟೈಫಾಯ್ಡ್ ಆಗಿ ತೀರಿಕೊಂಡರು. ‘ದಿ ಇಂಗ್ಲಿಷ್ ಟೀಚರ್’ ಬಂದದ್ದು 1945ರಲ್ಲಿ. ಅದರಲ್ಲಿ ಗಂಡ ಹೆಂಡತಿ ಮನೆ ನೋಡಲು ಹೋಗುತ್ತಾರೆ, ಅವಳು ಅಲ್ಲಿನ ಕೊಳಕು ಕಕ್ಕಸಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ, ಆಮೇಲೆ ಜ್ವರ. ಒಂದು ಬಾಗಿಲಿಂದ ಸಾವನ್ನು ಒಳಗೆ ಬಿಟ್ಟ ಬಗೆ ನೋಡು. ಸತ್ತವಳ ಜೊತೆ ಮಾತಾಡುವ ಉತ್ತರಾರ್ಧ ಮಾತ್ರ ನನಗೆ ಇವತ್ತಿಗೂ ಪೂರ್ತಿ ಒಗ್ಗಿಲ್ಲ. ಅದು ಬೇರೆ ಮಾತು. ನೀನು ಅಮ್ಮನ ಅಡುಗೆಮನೆಯ ಡಬ್ಬಿಗಳಿಂದ ಶುರುಮಾಡು. ಅವಸರ ಬೇಡ.

ನಿಮ್ಮ ತಾಲ್ಲೂಕು ಕಚೇರಿ ಎದುರು ಪಹಣಿಗೆ, ಪಿಂಚಣಿಗೆ ಅರ್ಜಿ ಬರೆದುಕೊಡುವವನು ಇದ್ದೇ ಇರುತ್ತಾನೆ. ಸೋಮವಾರ ಹನ್ನೊಂದಕ್ಕೆ ಹೋಗಿ ಪಕ್ಕದಲ್ಲಿ ಕೂತುಕೋ. ಎಷ್ಟು ತೆಗೆದುಕೊಂಡ, ಯಾರಿಗೆ ಬೈದ, ಯಾರ ಹತ್ತಿರ ಕಾಸು ಬೇಡ ಅಂದ, ಇಷ್ಟನ್ನು ಎರಡು ಹಾಳೆಯಲ್ಲಿ ಬರೆದು ಕಳಿಸು. ಕಾದಂಬರಿ ಸದ್ಯಕ್ಕೆ ಕಳಿಸಬೇಡ.

ಇಂತಿ,
ನಿನ್ನ ಅಣ್ಣ